ಹೆಗಲಿಗೆ ಹಚ್ಚುವ ಮದ್ದು

ಎಮ್ಮೆ ಮೊಣಕಾಲೂರಿದ ಮೇಲೂ ಮಹಾಬಲೇಶ್ವರ ಹಗ್ಗ ಸಡಿಲಿಸಲಿಲ್ಲ.

ಅದು ಅವನ ಕಾಲು ತುಳಿದಿತ್ತು, ಅಷ್ಟೇ. ಕೊರಳ ಹಗ್ಗವನ್ನು ಕಂಬಕ್ಕೆ ಸುತ್ತಿ ಎಳೆಯುತ್ತಲೇ ಇದ್ದ. ತೋಳಿನ ನರಗಳು ಉಬ್ಬಿದ್ದವು. ಮುಖದಲ್ಲಿ ಸಿಟ್ಟಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ದುರ್ಗಿಗೆ ಹೆದರಿಕೆಯಾದದ್ದು ಅದನ್ನು ನೋಡಿಯೇ.

ಇಷ್ಟು ವರ್ಷ ಸಂಸಾರ ಮಾಡಿದರೂ ಅವಳಿಗೆ ಈ ಗಂಡಸಿನ ಪರಿಚಯವಿರಲಿಲ್ಲ. ಅಮದಳ್ಳಿಯಲ್ಲಿ ಮಹಾಬಲೇಶ್ವರನೆಂದರೆ ದನಿ ಎತ್ತದ ಮನುಷ್ಯ. ಕಳೆದ ಕೊಯ್ಲಿನಲ್ಲಿ ಭತ್ತದ ಚೀಲ ಎತ್ತಲಾಗದೆ ಗದ್ದೆಯಲ್ಲೇ ಕುಸಿದು ಕೂತಿದ್ದ. ಕೂಲಿಗೆ ಬಂದ ಬೊಮ್ಮ ನಗುತ್ತಲೇ ಅದನ್ನು ಹೊತ್ತು ನಡೆದಿದ್ದ. ಅಂದಿನಿಂದ ಮಹಾಬಲೇಶ್ವರನಿಗೆ ಸರಿಯಾಗಿ ಊಟ ಸೇರಲಿಲ್ಲ.

ಮದ್ದಿನ ಸುದ್ದಿ ತಂದವನು ಗೆಳೆಯ ರಾಮನಾಥ. ವಯಸ್ಸಾದಂತೆ ಗಂಡಸಿನ ಹಾರ್ಮೋನು ಇಳಿಯುತ್ತದೆ. ದಿನವೂ ಹೆಗಲಿಗೆ ಜೆಲ್ಲು ಹಚ್ಚಿ ವ್ಯಾಯಾಮ ಮಾಡಿದರೆ ಮೈ ಮತ್ತೆ ಗಟ್ಟಿಯಾಗುತ್ತದೆ ಎಂದ. ಕಾರವಾರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ನಿಮಗೆ ಇದರ ಅಗತ್ಯವಿಲ್ಲ, ಹೃದಯವೂ ಅಷ್ಟು ಸರಿಯಿಲ್ಲ ಎಂದು ಕಳಿಸಿದರು. ಅವನು ಕೇಳಲಿಲ್ಲ. ಮಗಳು ಭಾರತಿ ಅಂಕೋಲೆಯಲ್ಲಿ ಔಷಧಿ ಅಂಗಡಿಯಲ್ಲಿದ್ದಳು. ಜೆಲ್ಲು ತರಿಸಿಕೊಡೆಂದು ಅವಳ ಬೆನ್ನು ಬಿದ್ದ. ಅವಳು ಅತ್ತಳು, ಜಗಳವಾಡಿದಳು, ಕೊನೆಗೊಂದು ದಿನ ಇದ್ದಕ್ಕಿದ್ದಂತೆ ಒಪ್ಪಿಕೊಂಡಳು.

“ಗೋವಾದಿಂದ ತರಿಸಿ ಕಳಿಸ್ತೆ. ಆದ್ರೆ ಅಪ್ಪ, ವ್ಯಾಯಾಮ ಬಿಟ್ರೆ ಇದು ಕೆಲಸ ಮಾಡೂದಿಲ್ಲ.”

ತಿಂಗಳಿಗೊಂದು, ಹೆಸರಿನ ಚೀಟಿ ಅಂಟಿಸದ ಬಾಟಲಿ ಬರತೊಡಗಿತು. ಮಹಾಬಲೇಶ್ವರ ಬೆಳಿಗ್ಗೆ ಹೆಗಲಿಗೆ ತಿಕ್ಕಿಕೊಂಡು ಬಸ್ಸು ಹಿಡಿದು ಕಾರವಾರದ ಜಿಮ್ಮಿಗೆ ಹೋಗುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಿ ಭುಜದಲ್ಲಿ ಬಿಗಿಯಾಯಿತು. ಭತ್ತದ ಚೀಲ ಹೊತ್ತು ಅಂಗಳ ದಾಟಿದ. ಫೋನಿನಲ್ಲಿ ಕೇಳಿದ ಭಾರತಿ ಖುಷಿಯಿಂದ ನಕ್ಕಳು.

ಆಮೇಲೆ ಒಂದು ಮಧ್ಯಾಹ್ನ ಮೀನುಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ಬೀಸಿ ಒಗೆದ. ಅಂಚು ತಾಗಿ ದುರ್ಗಿಯ ಹುಬ್ಬು ಒಡೆಯಿತು. ಅವನೇ ಅರಿಶಿನ ಒತ್ತಿ ಅತ್ತ.

“ನಾನಲ್ಲ ದುರ್ಗಿ. ಮದ್ದಿನ ಕಾವು.”

ರಾಮನಾಥನೂ ಹೌದೆಂದ. ಆ ಮದ್ದು ಹಚ್ಚಿದವರಿಗೆ ಸಿಟ್ಟು ಜಾಸ್ತಿಯಂತೆ. ನೆರೆಮನೆಯ ಬೀರಿ, ನಾಕು ದಿನ ತಡ್ಕೋ, ಮೈಗೆ ಒಗ್ಗಿದ್ರೆ ಸರಿ ಆಗ್ತದೆ ಎಂದಳು. ದುರ್ಗಿ ತಡೆದುಕೊಂಡಳು. ಎರಡನೆಯ ಸಲ ಹೊಡೆದಾಗ ಅವನು ಅಳಲಿಲ್ಲ. ಮದ್ದಿನ ಕಾವೆಂಬ ಮಾತನ್ನಷ್ಟೇ ಹೇಳಿದ. ಈಚೆಗೆ ಹೊಡೆಯುವ ಮೊದಲೇ ಹೇಳುತ್ತಿದ್ದ.

“ಕಾವು ಏರ್ತಾ ಉಂಟು. ಎದುರು ನಿಲ್ಬೇಡ.”

ಹೇಳಿ, ನಿಧಾನವಾಗಿ ಬಾಗಿಲ ಚಿಲಕ ಹಾಕುತ್ತಿದ್ದ.

ಮಗಳು ಫೋನು ಮಾಡಿದಾಗಲೆಲ್ಲ ದುರ್ಗಿ, ಎಲ್ಲ ಆರಾಮ ಎನ್ನುತ್ತಿದ್ದಳು. ಮದ್ದು ಕಳಿಸುವವಳು ಅವಳೇ. ತಿಳಿದರೆ ಜೀವಮಾನವಿಡೀ ಕೊರಗುತ್ತಾಳೆ. ಆದರೆ ಎಮ್ಮೆಯ ಹಗ್ಗ ಬಿಡಿಸಲು ದುರ್ಗಿ ಹೋದ ಆ ದಿನ ಅವನು ಅವಳ ಮಣಿಕಟ್ಟು ಹಿಡಿದು ತಿರುಚಿದ. ಒಳಗೆ ಏನೋ ಲಟಕ್ಕೆಂದಿತು. ಅವನು ಜಿಮ್ಮಿಗೆ ಹೊರಟ ಮೇಲೆ ಅವಳು ಅಂಕೋಲೆಯ ಬಸ್ಸು ಹತ್ತಿದಳು.

ಭಾರತಿ ತಾಯಿಯನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದಳು. ಬಾತ ಕೈ ನೋಡಿದಳು. ತಲೆಯ ಮೇಲಿನ ಸೆರಗು ಸರಿಸಿ ಹುಬ್ಬು ನೋಡಿದಳು.

“ಆಯಿ, ಇದು ಎಂತದು?”

“ಸಿಟ್ಟು ಮಾಡ್ಬೇಡ ಮಗಾ. ನಿನ್ನ ತಪ್ಪಲ್ಲ, ನಿನ್ನ ಅಪ್ಪನ ತಪ್ಪೂ ಅಲ್ಲ. ಆ ಮದ್ದು ಮಾಡಿಸೂದು. ಇನ್ನು ಕಳಿಸ್ಬೇಡ, ಅಷ್ಟೇ ಹೇಳೂಕೆ ಬಂದೆ. ಅದು ನಿಂತ್ರೆ ಅವ್ರು ಮೊದ್ಲಿನ ಹಾಂಗೆ ಆಗ್ತ್ರು.”

ಭಾರತಿಯ ಮುಖ ಬಿಳುಚಿತು. ಗೋಡೆಗೆ ಒರಗಿ ನಿಂತಳು.

“ಎಷ್ಟು ದಿನದಿಂದ?”

“ಮದ್ದು ಮೈಗೆ ಹತ್ತಿದಾಗಿಂದ.” ದುರ್ಗಿ ಸೆರಗು ಸರಿಪಡಿಸಿಕೊಂಡು ಎದ್ದಳು. “ಸಂಜೆ ಬಸ್ಸಿಗೆ ಹೋಗ್ತೆ. ನಾ ಇಲ್ದಿದ್ರೆ ಅವ್ರು ಊಟ ಮಾಡೂದಿಲ್ಲ.”

ಭಾರತಿ ಬಾಗಿಲಿಗೆ ಅಡ್ಡ ಬಂದು ನಿಂತಳು. ತಾಯಿಯ ಕಣ್ಣು ನೋಡಲಾಗದೆ ನೆಲ ನೋಡುತ್ತ ಹೇಳಿದಳು.

“ಹೋಗ್ಬೇಡ ಆಯಿ. ಡಾಕ್ಟ್ರು ಬೇಡ ಅಂದ ಮೇಲೆ ನಾ ಹ್ಯಾಂಗೆ ಕೊಡ್ಲಿ? ಮೊದ್ಲನೇ ಬಾಟ್ಲಿಯಿಂದ್ಲೂ ನಾ ತುಂಬಿ ಕಳಿಸಿದ್ದು ಬರೀ ಲೋಳೆಸರದ ಜೆಲ್ಲು.”