ಯಿಮ್ ಅಜ್ಜಿಯ ಸಾಕ್ಷಿ

ಕೊಲಾಪ್ ತನ್ನ ಮಗಳಲ್ಲ ಎಂದು ಯಿಮ್ ಅಜ್ಜಿ ಇಡೀ ಓಣಿಯ ಎದುರು ಹೇಳಿದಳು.

ಕೆರೆ ಮುಚ್ಚುತ್ತಿದ್ದ ಕಂಪನಿಯ, ಕರಿ ಸಮವಸ್ತ್ರ ತೊಟ್ಟ ಕಾವಲಿನವರು ಕೆಡವಬೇಕಾದ ಮನೆಗಳಿಗೆ ಕೆಂಪು ಬಣ್ಣದ ಗುರುತು ಹಾಕಲು ಬಂದ ದಿನ ಅದು. ನಾಮ್ ಪೆನ್ ನಗರದ ಆ ಕೆರೆಗೆ ಹಗಲೂ ರಾತ್ರಿ ಕೊಳವೆಗಳಿಂದ ಮರಳು ಬಂದು ಬೀಳುತ್ತಿತ್ತು. ದಂಡೆಯ ಮೇಲಿನ ಕಂಬದ ಮನೆಗಳಿಗೆ ಬದಲಾಗಿ ಊರಾಚೆ ಒಂದೊಂದು ಕೋಣೆ ಕೊಡುತ್ತಾರಂತೆ. ಅದರಲ್ಲಿರಲು ರಕ್ತಸಂಬಂಧಿಗಳಿಗೆ ಮಾತ್ರ ಅವಕಾಶ.

"ಇವಳ್ಯಾರು?" ಕಾವಲಿನವನು ಕೇಳಿದ.

ಅಜ್ಜಿ ಕೊಲಾಪ್‌ಳನ್ನು ಮೊಣಕೈಯಿಂದ ಆಚೆ ತಳ್ಳಿದಳು. "ಯಾವ್ದೋ ತಬ್ಬಲಿ. ನನ್ನೋಳಲ್ಲ."

"ಇವನು?"

"ಇವ್ನು ನನ್ ಮಗ ವಿಬೋಲ್. ಇವರಪ್ಪ ಮೀನು ಹಿಡೀತಿದ್ದ. ಮೀನು ಬಿಟ್ರೆ ಏನೂ ಗೊತ್ತಿರ್ಲಿಲ್ಲ ಪಾಪ."

ಓಣಿ ನಕ್ಕಿತು. ಕೊಲಾಪ್ ನಗಲಿಲ್ಲ.

ಡಾಕ್ಟರು ಆಲ್ಝೈಮರ್ ಎಂಬ ಹೆಸರು ಹೇಳಿದಾಗಿನಿಂದ ಅಜ್ಜಿಗೆ ಮೀಯಿಸುವವಳು, ಗಂಜಿ ಕುಡಿಸುವವಳು, ದಾರಿ ತಪ್ಪಿದರೆ ಹುಡುಕಿ ತರುವವಳು ಕೊಲಾಪ್. ಅದಕ್ಕಾಗಿ ಬಟ್ಟೆ ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲೇ ಹೊಲಿಯುತ್ತಿದ್ದಳು. ಪಕ್ಕದ ಮನೆಯಲ್ಲೇ ಇದ್ದ ಅವಳ ತಮ್ಮ ವಿಬೋಲ್ ಹಬ್ಬಕ್ಕೊಮ್ಮೆ ಹಣ್ಣು ತಂದಿಟ್ಟು ಹೋಗುತ್ತಿದ್ದ. ನೆನಪು ಉಳಿದದ್ದು ಅವನ ಪಾಲಿಗೆ.

"ಆ ಕರಿಬಟ್ಟೆಯೋರ ಆಳ್ವಿಕೆ ಮುಗಿದ್ಮೇಲೆ ಎಷ್ಟು ಜನ ರಸ್ತೇಲಿ ಸಿಕ್ಕ ಮಕ್ಕಳನ್ನ ತಂದು ಸಾಕಿಲ್ಲ?" ಎಂದಳು ಎದುರು ಮನೆಯ ತೀ. "ಬುದ್ಧಿ ಸರಿ ಇದ್ದಾಗ ಮುಚ್ಚಿಟ್ಟಿದ್ಲು. ಈಗ ಬಾಯಿಗೆ ಬಂತು."

"ನಿನ್ನ ನೂಡಲ್ ಸೀದು ಹೋಗ್ತಿದೆ ಚಿಕ್ಕಮ್ಮ, ಹೋಗಿ ನೋಡು," ಎಂದಳು ಕೊಲಾಪ್.

ಮಾತು ಮುಗಿಸಿದರೂ ಮುಳ್ಳು ಒಳಗೇ ಉಳಿಯಿತು. ಕೊಲಾಪ್‌ಳ ಮೊದಲ ನೆನಪು ಮಕ್ಕಳ ಶಿಬಿರದ್ದು. ಆಗ ದೇಶ ಆಳುತ್ತಿದ್ದ ಕರಿಬಟ್ಟೆಯವರು ಮಕ್ಕಳನ್ನು ಹೆತ್ತವರಿಂದ ಕಿತ್ತು ಬೇರೆ ಇಟ್ಟಿದ್ದರು. ಬೇಲಿಯಾಚೆ ಗದ್ದೆಯಲ್ಲಿ ಬಗ್ಗಿದ್ದ ಹೆಂಗಸೊಬ್ಬಳು ಅವಳತ್ತ ನೋಡಿ ಮುಖ ತಿರುಗಿಸಿದ್ದಳು. ಆ ಹೆಂಗಸು ಯಿಮ್; ಕೂಸು ವಿಬೋಲ್‌ನನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಅಪ್ಪ ಶಾಲಾ ಮೇಷ್ಟ್ರು, ಕನ್ನಡಕ ನೋಡಿ ಓದಿದವನೆಂದು ಎಳೆದೊಯ್ದು ಕೊಂದರು ಎಂಬುದು ಮುಂದೆ ಅವಳೇ ಹೇಳಿದ ಕತೆ. ಆ ಕಾಲದಲ್ಲಿ ಕಾಗದಗಳೆಲ್ಲ ಸುಟ್ಟುಹೋಗಿದ್ದವು. ಯಾರು ಯಾರ ಮಗಳು ಎಂಬುದಕ್ಕೆ ಈ ದೇಶದಲ್ಲಿ ಹಿರಿಯರ ಬಾಯಿಮಾತೇ ದಾಖಲೆ. ಆ ಬಾಯಿಯೇ ಈಗ ಅಲ್ಲ ಎನ್ನುತ್ತಿದೆ. ಹಾಗಾದರೆ ಅಪ್ಪನೂ ಸುಳ್ಳೇ?

ಅಮ್ಮನ ನಡತೆಯೂ ಕೆಟ್ಟಿತು. ಒಂದು ಸಂಜೆ ಕೊಲಾಪ್‌ಳ ಕನ್ನಡಕ ಒಲೆಯ ಬೂದಿಯೊಳಗೆ ಸಿಕ್ಕಿತು. "ಯಾಕಮ್ಮಾ ಹೀಗ್ಮಾಡ್ದೆ? ಸೂಜಿಗೆ ದಾರ ಹೇಗೆ ಪೋಣಿಸ್ಲಿ?" ಅಮ್ಮ ಬಾಗಿಲತ್ತ ನೋಡಿ ಅವಳ ಬಾಯಿ ಮುಚ್ಚಿದಳು. ಊಟದ ಅನ್ನವನ್ನು ಸೊಂಟದ ಬಟ್ಟೆಗೆ ಕಟ್ಟಿಕೊಳ್ಳುವಳು. ಯಾರೂ ಇಲ್ಲದಾಗ ಆ ಹಳಸಿದ ಉಂಡೆಯನ್ನು ಕೊಲಾಪ್‌ಳ ಅಂಗೈಗೆ ಒತ್ತುವಳು. ರೋಗವೆಂದು ಕೊಲಾಪ್ ಕೈ ತೊಳೆದುಕೊಳ್ಳುವಳು.

ವಾರ್ಡಿನ ಮುಖಂಡ ವಿಚಾರಣೆಗೆ ಕರೆದ. ಕೆರೆ ಮುಚ್ಚುವವರನ್ನು ಯಾರೂ ಸಾಕ್ಷಿ ಕೇಳಿರಲಿಲ್ಲ. ದಂಡೆಯಲ್ಲಿ ಬದುಕಿದವರು ಮಾತ್ರ ತಾವು ಯಾರೆಂದು ಸಾಕ್ಷಿ ತರಬೇಕಿತ್ತು.

"ಅಕ್ಕ, ನಾನೇನೂ ಹೇಳ್ತಿಲ್ಲ. ಅಮ್ಮ ಹೇಳ್ತಿದಾಳೆ," ಎಂದ ವಿಬೋಲ್.

"ನಾನಿಲ್ದೆ ಅಲ್ಲಿ ಅವಳನ್ನ ಯಾರು ನೋಡ್ಕೋತಾರೆ?"

"ನಾನೂ ನನ್ನ ಹೆಂಡ್ತೀನೂ ಕೆಲ್ಸಕ್ಕೆ ಹೋಗೋರು. ಹಗಲು ಹೊರಗಿಂದ ಬೀಗ ಹಾಕೋದು. ಇನ್ನೇನ್ ಮಾಡಕ್ಕಾಗತ್ತೆ?"

"ನಾಯಿಗೂ ಹಾಗೆ ಮಾಡಲ್ಲ ಕಣೋ."

ವಿಚಾರಣೆಯ ಬೆಳಿಗ್ಗೆ ಕೊಲಾಪ್ ಅಮ್ಮನ ತಲೆ ಬಾಚುತ್ತ ಕೇಳಿದಳು: "ನಾನ್ಯಾರಮ್ಮ?"

"ಹುಚ್ಚೀ, ನನ್ ಕೊಲಾಪ್ ಅಲ್ವೇನೇ ನೀನು!"

ಬಾಚಣಿಗೆ ಕೈಯಿಂದ ಜಾರಿತು. ಇವತ್ತು ನೆನಪಿದೆ. ಇವತ್ತೇ ಹೇಳಿಬಿಡಲಿ. ಅಮ್ಮನನ್ನು ಬೆನ್ನಿಗೆ ಹೊತ್ತು ಬುದ್ಧವಿಹಾರದ ಸಭಾಂಗಣಕ್ಕೆ ಓಡಿದಂತೆಯೇ ನಡೆದಳು.

ಚಾಪೆಯ ಮೇಲೆ ಓಣಿಯೆಲ್ಲ ಕೂತಿತ್ತು. ಮುಖಂಡನ ಹಿಂದೆ ಗೋಡೆಗುಂಟ ಕಂಪನಿಯ ಕಾವಲಿನವರು ನಿಂತಿದ್ದರು.

"ಅಜ್ಜೀ, ಹೆದರ್ಬೇಡಿ," ಎಂದ ಮುಖಂಡ. "ನಿಮ್ಮ ಮಗಳು ಯಾರು, ಬೆರಳು ತೋರ್ಸಿ ಸಾಕು."

ಅಜ್ಜಿಯ ಕಣ್ಣು ಮುಖಂಡನನ್ನು ದಾಟಿ ಗೋಡೆಯತ್ತ ಹೋಯಿತು. ಅಲ್ಲೇ ನಿಂತಿತು. ಕೈ ಮಡಿಲಲ್ಲಿ ಮುಷ್ಟಿಯಾಯಿತು.

"ನಂಗೆ ಮಗಳಿಲ್ಲ."

"ಅಮ್ಮಾ, ಬೆಳಿಗ್ಗೆ ತಾನೆ ಅಂದ್ಯಲ್ಲ!"

"ಯಾರೇ ನೀನು? ದೂರ ಹೋಗು!"

"ಸಾಕ್ಷಿ ಆಯ್ತಲ್ಲ," ಎಂದು ಹಿಂದಿನಿಂದ ತೀ ಗೊಣಗಿದಳು. ವಿಬೋಲ್ ತಲೆ ತಗ್ಗಿಸಿದ.

"ಕೊನೇ ಸಲ ಕೇಳ್ತಿದೀನಿ ಅಜ್ಜಿ," ಮುಖಂಡ ಗಡಿಯಾರ ನೋಡಿಕೊಂಡ. "ಈಕೆ ನಿಮ್ಮ ಮಗಳು ಹೌದೋ ಅಲ್ವೋ? ಹೌದು ಅಂತ ಒಂದು ಮಾತು ಹೇಳ್ಬಿಡಿ, ಇಬ್ರೂ ಒಟ್ಟಿಗೆ ಇರ್ಬೋದು."

ಅಜ್ಜಿ ತಲೆ ಅಲ್ಲಾಡಿಸಿದಳು. ಕೊಲಾಪ್‌ಳಿಗೆ ತಡೆಯಲಾಗಲಿಲ್ಲ. ಅಮ್ಮನ ಕಾಲ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ದೂಡಲೆಂಬಂತೆ ಅಜ್ಜಿ ಬಗ್ಗಿದಳು. ಒಣಗಿದ ತುಟಿ ಕಿವಿಗೆ ತಾಗಿತು.

"ಅಳಬೇಡ ಕಂದಾ, ಗುರುತು ಹಿಡಿದುಬಿಡ್ತಾರೆ, ನೀನು ಮೇಷ್ಟ್ರ ಮಗಳು ಅಂತ ಗೊತ್ತಾದ್ರೆ ಈ ಕರಿಬಟ್ಟೆಯೋರು ನಿನ್ನನ್ನೂ ಕರ್ಕೊಂಡು ಹೋಗ್ತಾರೆ, ನನ್ನ ಕೊಂದ್ರೂ ನಾನು ಹೇಳಲ್ಲ."