ಗಂಡನ ಪಾರ್ಟು

"ಗಂಡನ ಪಾರ್ಟು ಯಾರಮ್ಮಾ ಮಾಡ್ತಾರೆ?" ನಾಗಮಂಗಲದಲ್ಲಿ ಟೀವಿ ಹಾಸ್ಯ ಕಾರ್ಯಕ್ರಮದ ಆಡಿಷನ್ ನಡೆಸುತ್ತಿದ್ದ ನಿರ್ದೇಶಕಿ ಕೇಳಿದಳು.

"ಅವ್ನು ಬರಾಕಿಲ್ಲ. ನಾನೊಬ್ಳೇ ಮಾಡ್ತೀನಿ," ಎಂದಳು ವೇದಿಕೆ ಮೇಲಿದ್ದ ಪ್ರಮೀಳಾ.

ನಿರ್ಮಾಪಕ ರಘುನಂದನ್ ಕುರ್ಚಿಯಲ್ಲಿ ಮಿಸುಕಾಡಿದ. ಹನ್ನೆರಡು ವರ್ಷದ ಹಿಂದೆ ಊರೂರು ಸುತ್ತಿ ಅವಳ ಜೊತೆ ಆ ಪಾರ್ಟು ಮಾಡುತ್ತಿದ್ದವನು ಅವನೇ. ಟೀವಿಯವರು ಕರೆದ ದಿನ ಅವಳಿಗೊಂದು ಮಾತೂ ಹೇಳದೆ ಬೆಂಗಳೂರಿನ ಬಸ್ಸು ಹತ್ತಿದ್ದ.

ಪ್ರಮೀಳಾ ಗಂಡ-ಹೆಂಡತಿ ಜಗಳದ ಆಟ ಶುರುಮಾಡಿದಳು. ಬೈದಳು, ಸೊಂಟಕ್ಕೆ ಕೈಯಿಟ್ಟು ಗಂಡನ ಉತ್ತರಕ್ಕೆ ಕಾದಳು. ಮತ್ತೆ ಬೈದಳು, ಮತ್ತೆ ಕಾದಳು. ಯಾರೂ ನಗಲಿಲ್ಲ. "ಸಾರ್, ಮುಂದಿನವರನ್ನ ಕರೀಲಾ?" ಎಂದಳು ನಿರ್ದೇಶಕಿ. ರಘುನಂದನ್ ಕೂರಲಾರದೆ ಎದ್ದು ವೇದಿಕೆ ಹತ್ತಿದ. "ಬೈದಿದ್ದಾಯ್ತಲ್ಲ, ಮುದ್ದೆ ಇಕ್ಕಮ್ಮಿ!" ಎಂದ. ನೋಡಲು ಸೇರಿದ್ದ ಜನ ಗೊಳ್ಳೆಂದು ನಕ್ಕರು.

ಪ್ರಮೀಳಾ ಅವನನ್ನೇ ನೋಡಿದಳು. "ಈಗ ಬಂದ್ಯಾ?" ಎಂದಳು. ಜನ ಇನ್ನೂ ಜೋರಾಗಿ ನಕ್ಕರು. ಆ ಮಾತು ಅವರ ಆಟದಲ್ಲಿ ಇರಲೇ ಇಲ್ಲವೆಂದು ರಘುನಂದನನಿಗೆ ಮಾತ್ರ ಗೊತ್ತಿತ್ತು.