ಸೋಲಾರ್ ಮೇಲಿನ ಸಂಡಿಗೆ

ಸೂರ್ಯನನ್ನೇ ಸಂಡಿಗೆಯಿಂದ ಮುಚ್ಚಿದ ದಡ್ಡ ಈ ಲೋಕದಲ್ಲಿ ನಾನೊಬ್ಬನೇ. ಎಣ್ಣೆಯಲ್ಲಿ ಸಂಡಿಗೆ ಅರಳುವ ವಾಸನೆ ಬಂದರೆ ಈಗಲೂ ದೇವಲಾಪುರದ ಆ ದಿನ ನೆನಪಾಗುತ್ತದೆ.

ಬೆಳಿಗ್ಗೆಯಷ್ಟೇ ನಮ್ಮ ತಾರಸಿಗೆ ಸೋಲಾರ್ ಪ್ಯಾನೆಲ್ ಕೂರಿಸಿದ್ದರು. ಸಂಜೆ ದೀಪ ನೋಡಲು ತಾತ ಬೀದಿಯವರನ್ನೆಲ್ಲ ಕರೆದಿದ್ದ. ಅಜ್ಜಿ ನನ್ನ ಕೈಗೆ ಸಂಡಿಗೆ ಹಿಟ್ಟು ಕೊಟ್ಟು, ಪಂಚೆ ಹಾಸಿ ಇಡು ಅಂದಿದ್ದಳು. ಪ್ಯಾನೆಲ್ಲಿನ ಗಾಜು ಕಾವಲಿಯಂತೆ ಕಾದಿತ್ತು. ಬೇಗ ಒಣಗಲೆಂದು ಅದರ ತುಂಬ ಇಟ್ಟೆ.

ಸಂಜೆ ತಾತ ಎಲ್ಲರೆದುರು ಸ್ವಿಚ್ಚು ಒತ್ತಿದ. ದೀಪ ಹತ್ತಲಿಲ್ಲ. ತಾರಸಿ ಹತ್ತಿ ನೋಡಿ, "ಲೇ, ಬಿಸ್ಲು ಬೀಳಕ್ಕೇ ಜಾಗ ಬುಟ್ಟಿಲ್ವಲ್ಲೋ!" ಎಂದು ಕೂಗಿದ. ಬೀದಿಗೆ ಬೀದಿಯೇ ನಕ್ಕಿತು. ನಾನು ಅಜ್ಜಿಯ ಸೆರಗಿನೊಳಗೆ ಅತ್ತೆ.

ಅಜ್ಜಿ ಬಂದವರಿಗೆಲ್ಲ ಅದೇ ಸಂಡಿಗೆ ಕರಿದು ಕೊಟ್ಟಳು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು: "ಅಳ್ಬ್ಯಾಡ ಕಣ್ಲಾ. ನಾಳೆ ಅರ್ಧ ಗಾಜು ನಿಮ್ ತಾತಂಗೆ ಬುಡು, ಇನ್ನರ್ಧ ನಮ್ಗೆ."